ಡೀಸೆಲ್ ಬೇಡದ ಜನರೇಟರ್

ಬೆಟಗೇರಿಯ ಒಂದು ಡಿಪ್ಲೊಮಾ ಕಾಲೇಜಿನ ಇಲೆಕ್ಟ್ರಾನಿಕ್ಸ್ ಲ್ಯಾಬಿಗೆ ಹೊಸ ಫಂಕ್ಷನ್ ಜನರೇಟರ್ ತರಿಸಲು ಇನ್‌ಸ್ಟ್ರಕ್ಟರ್ ನಸ್ರೀನಳಿಗೆ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಅರ್ಜಿ ಕೊಟ್ಟಾಗ ಆಫೀಸಿನ ಖಾಸಿಂಸಾಬರು ಹುಬ್ಬಳ್ಳಿಯಿಂದ ಡೀಸೆಲ್ ಜನರೇಟರಿನ ಕೊಟೇಶನ್ ತರಿಸಿ ಕೈಗಿಟ್ಟರು. ಮರುವರ್ಷ ಅರ್ಜಿಯನ್ನು ಎರಡು ಸಲ ಓದಿ, "ಫಂಕ್ಷನ್ ಇದ್ದಾಗ ಬಾಡಗಿ ತರಸ್ತೀವಲ್ರಿ ಮೇಡಂ, ಖರೀದಿ ಯಾಕ?" ಎಂದು ಕೇಳಿದರು. ಮೂರನೇ ವರ್ಷ ನಸ್ರೀನ ಅರ್ಜಿಯ ಜೊತೆ ಮಷೀನಿನ ಫೋಟೋ ಅಂಟಿಸಿ, ಕೆಳಗೆ "ಇದಕ್ಕೆ ಡೀಸೆಲ್ ಬೇಕಾಗಿಲ್ಲ" ಎಂದು ಬರೆದಳು. ಆಗ ಬಂತು.

ನಸ್ರೀನ ಲಕ್ಷ್ಮೇಶ್ವರದವಳು. ನಲವತ್ತೊಂದು ವರ್ಷ. ತಂದೆ ಅಲ್ಲಾಸಾಬರು ಬಜಾರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕುವುದನ್ನು ಅವಳು ರೊಟ್ಟಿ ಬಡಿಯುವುದಕ್ಕಿಂತ ಮೊದಲೇ ಕಲಿತಳು. ಹದಿನಾರು ವರ್ಷಗಳಿಂದ ದಿನಾ ಮುಂಜಾನೆ ಶಿರಹಟ್ಟಿ ಮೇಲೆ ಹಾಯ್ದು ಗದಗ-ಬೆಟಗೇರಿಗೆ ಬಸ್ಸಿನಲ್ಲಿ ಬರುತ್ತಾಳೆ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತಾಳೆ. ಲ್ಯಾಬಿನ ಯಾವ ವಾಯರ್ ಎಲ್ಲಿ ಸಡಿಲ ಎಂಬುದು ಅವಳಿಗೆ ಗೊತ್ತು. ಆದರೆ ಅವಳ ಮಾತನ್ನು ಕೇಳುವವರು ಮಾತ್ರ ಕಡಿಮೆ, ಯಾಕೆಂದರೆ ಅವಳು ಲೆಕ್ಚರರ್ ಅಲ್ಲ.

ಹೊಸ ಮಷೀನು ರೊಟ್ಟಿ ಡಬ್ಬಿಯಷ್ಟೇ ದೊಡ್ಡದು. ಬೇಕಾದ ಆಕಾರದ, ಬೇಕಾದ ವೇಗದ ಕರೆಂಟಿನ ಅಲೆಯನ್ನು ಹುಟ್ಟಿಸಿ ಕೊಡುತ್ತದೆ. ಹುಡುಗರು ಕಟ್ಟಿದ ಸರ್ಕೀಟಿಗೆ ಆ ಅಲೆ ಕೊಟ್ಟು, ಆಚೆ ಏನು ಬರುತ್ತದೆಂದು ಸ್ಕೋಪಿನ ಪರದೆಯಲ್ಲಿ ನೋಡಬೇಕು. ಹಳೆಯ ಮಷೀನುಗಳಲ್ಲಿ ಎಲ್ಲವೂ ತಿರುಗಿಸುವ ಗುಂಡಿಗಳು. ಯಾವುದು ಎತ್ತ ತಿರುಗಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಇದರಲ್ಲಿ ಎಲ್ಲ ಪರದೆಯೊಳಗೆ. ಮೇಲಾಗಿ ಹಿಂದಿನವರು ಇಟ್ಟ ಸೆಟಿಂಗನ್ನು ಆಫ್ ಮಾಡಿದರೂ ಮರೆಯುವುದಿಲ್ಲ. ಅದಕ್ಕೇ ನಸ್ರೀನ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮಷೀನಿನ ಮೇಲ್ಗಡೆ ಗೋಡೆಗೆ ಅಂಟಿಸಿದ್ದಳು: ಕೆಲಸ ಮುಗಿದ ಮೇಲೆ ಟ್ರಿಗರ್ ಮೋಡನ್ನು ಕಂಟಿನ್ಯೂಯಸ್‌ಗೆ ತರಬೇಕು, ಆಫ್‌ಸೆಟ್ ಸೊನ್ನೆ ಮಾಡಬೇಕು.

ಪರೀಕ್ಷೆಗೆ ಒಂದು ವಾರ ಮೊದಲು ತಪಾಸಣಾ ಕಮಿಟಿ ಬಂತು. ವಿಭಾಗದ ಮುಖ್ಯಸ್ಥ ಮೌನೇಶ ಸರ್ ಗೋಡೆ ಸ್ವಚ್ಛ ಕಾಣಲಿ ಎಂದು ಹಾಳೆ ಕಿತ್ತಿಸಿದರು. ಕಮಿಟಿಯವರ ಮುಂದೆ ತಾವೇ ಹೊಸ ಮಷೀನಿನ ಗುಂಡಿಗಳನ್ನೆಲ್ಲ ಒತ್ತಿ ತೋರಿಸಿದರು. ಹಾಳೆ ಮತ್ತೆ ಅಂಟಿಸಲೇ ಎಂದು ನಸ್ರೀನ ಕೇಳಿದ್ದಕ್ಕೆ, "ನೋಡೋಣಂತ. ಪರೀಕ್ಷಾ ತನಕಾ ಮಷೀನ್ ಯಾರೂ ಮುಟ್ಟಬ್ಯಾಡ್ರಿ" ಎಂದರು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅವಳನ್ನು ಮುಂಡರಗಿಯ ಇನ್ನೊಂದು ಕಾಲೇಜಿಗೆ ಡ್ಯೂಟಿಗೆ ಹಾಕಿದ್ದರು. ಹನ್ನೊಂದು ಗಂಟೆಗೆ ಫೋನ್ ಬಂತು. ಪರೀಕ್ಷೆಯ ಕೋಣೆಯಲ್ಲಿ ಫೋನ್ ಎತ್ತುವಂತಿಲ್ಲ. ಅಲ್ಲಿನವರಿಗೆ ಕೈಮುಗಿದು ವರಾಂಡಕ್ಕೆ ಬಂದಳು.

"ಮೇಡಂ, ನಿಮ್ಮ ಹೊಸಾ ಮಷೀನ್ ಕೆಟ್ಟೈತಿ ನೋಡ್ರಿ," ಎಂದರು ಮೌನೇಶ ಸರ್. "ಲೈಟ್ ಹತ್ತೈತಿ, ಅಲೆ ಬರವಲ್ದು."

ಕೆಟ್ಟಾಗಷ್ಟೇ ಅದು 'ನಿಮ್ಮ' ಮಷೀನು ಆಗುತ್ತಿತ್ತು. ನಸ್ರೀನ ಅದನ್ನು ನುಂಗಿಕೊಂಡಳು.

"ಪರದಿ ಮ್ಯಾಲ ಮೋಡ್ ಏನಂತ ಐತ್ರಿ ಸರ್?"

"ಟ್ರಿಗರ್ ಅಂತ ಐತಿ. ಅದರ ಬಾಜೂಕ ಎಕ್ಸ್‌ಟರ್ನಲ್."

"ಅದು ಕೆಟ್ಟಿಲ್ರಿ, ಕಾಯಾಕತ್ತೈತಿ. ಎಕ್ಸ್‌ಟರ್ನಲ್ ಅಂದ್ರ ಹೊರಗಿಂದ ಯಾರರ ಹುಕುಂ ಕೊಡೂತನಕಾ ಅಲೆ ಬಿಡೂದಿಲ್ಲ. ಹಿಂದಿನ ತೂತಿಗೆ ನೀವು ವಾಯರ್ ಹಾಕಿಲ್ಲ, ಹುಕುಂ ಎಲ್ಲಿಂದ ಬರಬೇಕ್ರಿ? ಕಂಟಿನ್ಯೂಯಸ್‌ಗೆ ಇಡ್ರಿ, ಬಿಡದ ಬರ್ತೈತಿ."

ಆ ಕಡೆ ಗುಂಡಿ ಒತ್ತುವ ಸದ್ದು ಕೇಳಿತು. "ಬಂತು," ಎಂದರು ಸರ್. ಮರುಕ್ಷಣ, "ಹೋತು."

"ಮ್ಯಾನ್ಯುವಲ್ ಒತ್ತೀರೇನ್ರಿ?"

"ಹೌದು."

"ಒಂದ ಸಲ ಒತ್ತಿದ್ರ ಒಂದ ಸಲ ಬರ್ತೈತ್ರಿ ಅದು. ನಾ ಕಂಟಿನ್ಯೂಯಸ್ ಅಂದೆ."

ಐದು ನಿಮಿಷವಾದ ಮೇಲೆ ಅಲೆ ಬಂತು. ಸರ್ ಫೋನ್ ಇಟ್ಟರು. ಒಳಗೆ ಹೋದರೆ ಮುಂಡರಗಿಯವರು, "ಮೇಡಂ, ಡ್ಯೂಟಿ ಎಲ್ಲೈತಿ ನಿಮ್ಮದು, ಇಲ್ಲೋ, ಬೆಟಗೇರ್ಯಾಗೋ?" ಎಂದರು. ಅದನ್ನೂ ನುಂಗಿದಳು.

ಹನ್ನೆರಡಕ್ಕೆ ಮತ್ತೆ ಫೋನ್. ಈ ಸಲ ಸರ್ ದನಿ ಸಣ್ಣದಾಗಿತ್ತು, ಪಕ್ಕದಲ್ಲಿ ಹೊರಗಿನ ಪರೀಕ್ಷಕರು ನಿಂತಿದ್ದರೆಂದು ಕಾಣುತ್ತದೆ. ಯಳವತ್ತಿಯ ಶಿವಲಕ್ಷ್ಮಿ ಎಂಬ ಹುಡುಗಿ ಕಟ್ಟಿದ ಆಂಪ್ಲಿಫೈಯರ್ ಕೆಲಸ ಮಾಡುತ್ತಿಲ್ಲ. ಅಲೆ ದೊಡ್ಡದಾಗಿ ಬರುವ ಬದಲು ಬರೀ ಒಂದು ನೆಟ್ಟಗಿನ ಗೆರೆ. ಹುಡುಗಿ ಎರಡು ಐಸಿ ಚಿಪ್ ಬದಲಿಸಿದ್ದಾಳೆ. ಪರೀಕ್ಷಕರು ರಿಸಲ್ಟಿಗೆ ಸೊನ್ನೆ ಹಾಕುತ್ತೇನೆ ಎನ್ನುತ್ತಿದ್ದಾರೆ.

"ಸರ್ಕೀಟ್ ಸುಟ್ಟಾಳ ಅನಸ್ತೈತಿ," ಎಂದರು ಸರ್.

ಹಿಂದಿನ ಶನಿವಾರ ಅದೇ ಸರ್ಕೀಟನ್ನು ಶಿವಲಕ್ಷ್ಮಿ ನಸ್ರೀನಳ ಕಣ್ಣೆದುರೇ ಎರಡು ಸಲ ಕಟ್ಟಿದ್ದಳು, ಹಳೆಯ ಮಷೀನಿನ ಮೇಲೆ. ಎರಡೂ ಸಲ ನಡೆದಿತ್ತು.

"ಆಫ್‌ಸೆಟ್ ಎಷ್ಟೈತ್ರಿ?"

"ಅದೆಲ್ಲಾ ಬರೋಬ್ಬರಿ ಐತಿ ಮೇಡಂ. ಸ್ಕೋಪಿನಾಗ ಮಷೀನಿನ ಅಲೆ ನಡುವ ಕುಂತೈತಿ."

"ಸ್ಕೋಪ್ ಎಸಿ ಮ್ಯಾಲ ಐತೋ, ಡಿಸಿ ಮ್ಯಾಲ ಐತೋ?"

"ಎಸಿ."

ನಸ್ರೀನ ವರಾಂಡದ ಕಂಬಕ್ಕೆ ಹಣೆ ಹಚ್ಚಿ ನಿಂತಳು. ಸ್ಕೋಪು ಎಸಿ ಮೇಲಿದ್ದರೆ ಅಲೆಯ ಏರಿಳಿತವನ್ನಷ್ಟೇ ತೋರಿಸುತ್ತದೆ, ಅಲೆ ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದನ್ನು ಮುಚ್ಚಿಡುತ್ತದೆ. ಇದನ್ನು ಅವಳು ಎರಡನೇ ಸೆಮಿಸ್ಟರಿನ ಹುಡುಗರಿಗೆ ಪ್ರತಿ ವರ್ಷ ಹೇಳುತ್ತಾಳೆ.

"ಡಿಸಿಗೆ ಹಾಕ್ರಿ ಸರ್."

"ಮ್ಯಾಲ ಏರಿತು," ಎಂದರು ಸರ್.

"ಎರಡು ವೋಲ್ಟ್ ಏರಿರಬೇಕು. ಮಂಚದ ಕಾಲಿಗೆ ಇಟ್ಟಂಗಿ ಕೊಟ್ಟಂಗ ಇಡೀ ಅಲೆನ ಎತ್ತಿ ಇಟ್ಟೀರಿ. ಆಕಿ ಸರ್ಕೀಟು ಹತ್ತು ಪಟ್ಟು ಮಾಡ್ತೈತಿ. ಎರಡರ ಹತ್ತು ಪಟ್ಟು ಇಪ್ಪತ್ತು; ಅಷ್ಟು ಕೊಡೂ ತಾಕತ್ತು ಅದಕ್ಕಿಲ್ಲ. ಅದಕ್ಕ ಒಂದ ಕಡಿಗೆ ಹೋಗಿ ಅಂಟಿಕೊಂಡೈತಿ. ಆಫ್‌ಸೆಟ್ ಸೊನ್ನೆ ಮಾಡ್ರಿ."

ಸರ್ ಸೊನ್ನೆ ಮಾಡಿದರು. ಫೋನಿನೊಳಗಿಂದಲೇ ಶಿವಲಕ್ಷ್ಮಿ, "ಬಂತ್ರಿ ಸರ್, ಬಂತು," ಎನ್ನುವುದು ಕೇಳಿಸಿತು.

"ಯಾರ ಮಾಡಿಟ್ಟಿದ್ದರೋ ಏನೋ," ಎಂದರು ಮೌನೇಶ ಸರ್.

ಇದನ್ನು ಮಾತ್ರ ನಸ್ರೀನಳಿಗೆ ನುಂಗಲು ಆಗಲಿಲ್ಲ. "ಹ್ವಾದ ವಾರ ಕಮಿಟಿಯವರ ಮುಂದ ನೀವ ತೋರಿಸಿದ್ರಲ್ರಿ ಸರ್. ಟ್ರಿಗರೂ ತೋರಿಸಿದ್ರಿ, ಆಫ್‌ಸೆಟ್ಟೂ ತೋರಿಸಿದ್ರಿ. ನಾ ಅಲ್ಲೇ ನಿಂತಿದ್ನಿ."

ಸರ್ ಫೋನ್ ಕಟ್ ಮಾಡಿದರು.

ಪರೀಕ್ಷಕರು ಶಿವಲಕ್ಷ್ಮಿಗೆ ಇಪ್ಪತ್ತು ನಿಮಿಷ ಹೆಚ್ಚು ಕೊಟ್ಟರು. ಪಾಸಾದಳು, ಆದರೆ ಗಾಬರಿಯಲ್ಲಿ ಬರೆದ ಕೋಷ್ಟಕ ತಪ್ಪಿ ಒಂದಿಷ್ಟು ಅಂಕ ಹೋದವು. ಮರುದಿನ ನಸ್ರೀನ ಕಸದ ಬುಟ್ಟಿಯಿಂದ ಆ ಎರಡು ಐಸಿ ಹೆಕ್ಕಿ ಸರ್ಕೀಟಿಗೆ ಹಾಕಿ ನೋಡಿದಳು. ಎರಡೂ ಚೆನ್ನಾಗಿದ್ದವು.

ಸೋಮವಾರ ಮೀಟಿಂಗ್ ಆಯಿತು. ಹಾಳೆ ಮತ್ತೆ ಅಂಟಿಸೋಣ, ಎಲ್ಲರಿಗೂ ಒಂದು ತಾಸು ಹೇಳಿಕೊಡುತ್ತೇನೆ ಎಂದು ನಸ್ರೀನ ಬರೆದೇ ತಂದಿದ್ದಳು. ಮೌನೇಶ ಸರ್ ಅದನ್ನು ಓದಿ, ಯಾರೂ ಮುಟ್ಟಿ ಕೆಡಿಸದ ಹಾಗೆ ಮಷೀನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆಂದು ಠರಾವು ಮಾಡಿದರು. ಕೀಲಿ ನಸ್ರೀನಳ ಕೈಗೆ ಬಂತು. ಮೂರು ವರ್ಷ ಬಡಿದಾಡಿ ತರಿಸಿದ ಮಷೀನನ್ನು ತಾನೇ ಕಪಾಟಿಗಿಟ್ಟಾಗ ಅವಳಿಗೆ ಅಳು ಬರಲಿಲ್ಲ, ತಲೆ ಮಾತ್ರ ಸಿಡಿಯಿತು.

ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಊಟದ ಬಿಡುವಿನಲ್ಲಿ ಕಪಾಟು ತೆಗೆದಳು. ಶಿವಲಕ್ಷ್ಮಿಯೂ ಇನ್ನು ನಾಲ್ವರೂ ಬಂದರು. ನಸ್ರೀನ ಅವರಿಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ಸೆಟಿಂಗನ್ನು ತಾನೇ ಬೇಕಂತಲೇ ಕೆಡಿಸಿ, "ಈಗ ಸುಧಾರಿಸ್ರಿ ನೋಡೋಣು," ಎಂದಳು. ಮೊದಲ ದಿನ ಅವರಿಗೆ ಅರ್ಧ ತಾಸು ಹಿಡಿಯಿತು. ತಿಂಗಳೊಪ್ಪತ್ತಿನಲ್ಲಿ ಎರಡು ನಿಮಿಷ ಸಾಕಾಯಿತು.

ಒಂದು ಮಧ್ಯಾಹ್ನ ಮೌನೇಶ ಸರ್ ಬಾಗಿಲಲ್ಲಿ ಬಂದು ನಿಂತರು. ಬೀಗದ ಮಾತು ತೆಗೆಯುತ್ತಾರೆಂದು ನಸ್ರೀನ ಜಗಳಕ್ಕೇ ತಯಾರಾದಳು. ಸರ್ ಹುಡುಗರು ಹೊರಗೆ ಹೋಗುವವರೆಗೆ ಕಾದು, "ಮೇಡಂ, ಆ ಟ್ರಿಗರ್ ಮಾಡೂದು ನಂಗೊಮ್ಮೆ ತೋರಸ್ರಿ. ಮುಂದಿನ ವಾರ ಮತ್ತ ಕಮಿಟಿ ಬರ್ತೈತಿ," ಎಂದರು.

"ಮಾಡೂದು ಆಮ್ಯಾಲ ಸರ್. ಮೊದಲ ತಗಿಯೂದು ಕಲೀರಿ. ಕುಂಡ್ರಿ."

ಅವರು ಕುಳಿತರು. ಕಂಟಿನ್ಯೂಯಸ್ ಬದಲು ಮತ್ತೆ ಮ್ಯಾನ್ಯುವಲ್ಲನ್ನೇ ಒತ್ತಿದರು. ನಸ್ರೀನ ಉಸಿರು ಬಿಟ್ಟು ಮೊದಲಿನಿಂದ ಹೇಳತೊಡಗಿದಳು.