ನೋವಾಗಲ್ಲ ಎನ್ನದ ಓಬಳಮ್ಮ

ಮಕ್ಕಳನ್ನು ಮುಟ್ಟುವ ಮೊದಲು ಓಬಳಮ್ಮ ತಮ್ಮ ಕೈಗಳನ್ನು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಮೇಜಿನ ಮೂಲೆಯಲ್ಲಿ ಅದಕ್ಕೆಂದೇ ಒಂದು ಫ್ಲಾಸ್ಕು, ಒಂದು ಸ್ಟೀಲ್ ಲೋಟ. ಲೋಟಕ್ಕೆ ಬಿಸಿನೀರು ಬಗ್ಗಿಸಿ, ಎರಡೂ ಅಂಗೈಯಲ್ಲಿ ಹಿಡಿದು, ಅರ್ಧ ನಿಮಿಷ ಸುಮ್ಮನೆ ಕೂರುವರು. ಹೊರಗೆ ಸಾಲಿನಲ್ಲಿ ನಿಂತವರು ಗೊಣಗಿದರೆ ಒಳಗಿನಿಂದಲೇ ಜವಾಬು ಬರುತ್ತಿತ್ತು: “ಇರ್ರಪ್ಪಾ, ತಣ್ಣನೆ ಕೈ ಮುಟ್ಟಿದ್ರೆ ಮಗಿನ ನರ ಒಳೀಕೆ ಹೋಗ್ಬುಡ್ತದೆ. ಆಮ್ಯಾಕೆ ಹುಡುಕೋಳು ನಾನು, ನೀವಲ್ಲ.”

ಮಧುಗಿರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವರದು ರಕ್ತ ತೆಗೆಯುವ ಕೆಲಸ. ಎಲ್ಲರೂ ‘ರಕ್ತದ ಓಬಳಮ್ಮ’ ಎಂದೇ ಕರೆಯುತ್ತಿದ್ದರು. ಕುಳ್ಳಗಿನ ಹೆಂಗಸು, ದಪ್ಪ ಗಾಜಿನ ಕನ್ನಡಕ. ಹುಟ್ಟೂರು ಪಾವಗಡ ಕಡೆಯ ವಳ್ಳೂರಾದ್ದರಿಂದ ಸಿಟ್ಟು ಬಂದರೂ ಮುದ್ದು ಬಂದರೂ ಬಾಯಲ್ಲಿ ತೆಲುಗು ಇಣುಕುತ್ತಿತ್ತು. ಸೂಜಿಗೆ ಅವರು ಅನ್ನುತ್ತಿದ್ದದ್ದೇ ‘ಸೂದಿ’.

ನನ್ನ ಮಗಳು ಪಲ್ಲವಿಗೆ ಆಗ ಆರು ವರ್ಷ. ನಾನು ಬಡವನಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ವಾರವಿಡೀ ಕಾಡಿದ್ದ ಜ್ವರ ಬಿಟ್ಟು ಎರಡು ದಿನವಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿಸುವಾಗ ನೋಡಿದರೆ ಅವಳ ಕಾಲಿನ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು. ತೊಡೆಯ ಮೇಲೆ ಎಲ್ಲೂ ಬೀಳದೆಯೇ ನೀಲಿಗಟ್ಟಿದ ಎರಡು ಕಲೆ. ಊರಿನ ಡಾಕ್ಟರು ಹೆಬ್ಬೆರಳಿನಿಂದ ಒಂದು ಚುಕ್ಕೆಯನ್ನು ಒತ್ತಿ ಹಿಡಿದರು. ಬೆರಳು ತೆಗೆದಾಗಲೂ ಚುಕ್ಕೆ ಮಾಸದೆ ಹಾಗೇ ಇತ್ತು; ಚರ್ಮದಡಿ ರಕ್ತ ಒಸರಿತ್ತು. ಅವರು ನನ್ನ ಮುಖ ನೋಡದೆ ಚೀಟಿ ಬರೆದರು. “ಇವತ್ತೇ ಮಧುಗಿರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ನಾಳೆ ಅನ್ನಬೇಡಿ” ಎಂದರು.

ನನ್ನ ಗಂಡ ಬಸ್ಸಿನ ಡ್ರೈವರು, ಅಂದು ದೂರದ ರೂಟಿನಲ್ಲಿದ್ದರು. ಪಲ್ಲವಿಗೆ ಇಂಜೆಕ್ಷನ್ ಎಂದರೆ ಎಂಥ ಹೆದರಿಕೆ ಎಂಬುದು ಗೊತ್ತಿದ್ದ ನಾನು ಒಂದು ಸುಳ್ಳು ಹೇಳಿದೆ. “ಸಿದ್ದರಬೆಟ್ಟಕ್ಕೆ ಹೋಗಿ ಕೋತಿ ನೋಡೋಣ ಬಾ” ಎಂದೆ. ಅವಳು ಹಳದಿ ಫ್ರಾಕು ಹಾಕಿಕೊಂಡಳು. ಕೋತಿಗೆಂದು ಕಡಲೆಕಾಯಿ ಕಟ್ಟಿಕೊಂಡಳು.

ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಗುವಿಗೆ ಎಲ್ಲ ತಿಳಿಯಿತು. ಲ್ಯಾಬಿನ ಬಾಗಿಲ ಪಕ್ಕದ ಕಿಟಕಿಯ ಸರಳು ಹಿಡಿದುಕೊಂಡು ಕಿರುಚಿದಳು. ಬೆರಳು ಬಿಡಿಸಲು ಹೋದರೆ ಕಚ್ಚಿದಳು. ಅಲ್ಲಿದ್ದ ಇಬ್ಬರು ಅವಳನ್ನು ಎತ್ತಿ ಹಿಡಿಯಲು ಬಂದರು. ಹಿಡಿದ ಜಾಗವೆಲ್ಲ ನೀಲಿಗಟ್ಟುತ್ತದೆ ಎಂಬ ಭಯಕ್ಕೆ ನಾನೂ ಅಳತೊಡಗಿದೆ.

“ಬುಡ್ರೋ ಮಗೀನ!” ಎನ್ನುತ್ತ ಓಬಳಮ್ಮ ಎದ್ದು ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಪಲ್ಲವಿಯ ಎದುರು ನೆಲದ ಮೇಲೇ ಕೂತರು. “ನಿಮ್ಮಮ್ಮ ಎಲ್ಲಿಗೆ ಅಂತ ಕರ್ಕಂಡ್ ಬಂದ್ಲು ಬಂಗಾರು?”

“ಸಿದ್ದರಬೆಟ್ಟ…” ಪಲ್ಲವಿ ಬಿಕ್ಕಿದಳು.

ಓಬಳಮ್ಮ ಕತ್ತೆತ್ತಿ ನನ್ನನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ನಾನು ತಲೆ ತಗ್ಗಿಸಿದೆ. “ಇದು ಬೆಟ್ಟ ಅಲ್ಲ ಕಣವ್ವ, ಆಸ್ಪತ್ರೆ. ನಿಮ್ಮಮ್ಮ ಸುಳ್ಳು ಹೇಳವ್ಳೆ. ಭಯಕ್ಕೆ ಹೇಳವ್ಳೆ. ನಾನು ನಿಜ ಹೇಳ್ತೀನಿ. ನಿನ್ನ ಕೈಯಿಂದ ವಸಿ ರಕ್ತ ತಗೀಬೇಕು. ಈಗ್ಲೇ ಅಲ್ಲ. ಹೊರೀಕೆ ಹೋಗಿ ಮರದಡೀಲಿ ಕೂತ್ಕಳಿ, ಬತ್ತೀನಿ.”

ಕಾಲು ಗಂಟೆಯ ಮೇಲೆ ಹೊಂಗೆ ಮರದಡಿಗೆ ಬಂದರು. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ, ಒಂದು ಖಾಲಿ ಟ್ಯೂಬು, ಒಂದಿಷ್ಟು ಹತ್ತಿ ತಂದಿದ್ದರು. ಪಟ್ಟಿಯನ್ನು ತಮ್ಮ ತೋಳಿಗೆ ಕಟ್ಟಲು ಪಲ್ಲವಿಗೇ ಹೇಳಿದರು. “ಈಗ ನರ ಹುಡುಕು, ಹಸಿರ್ಗೆ ಎದ್ದೈತಾ?” ಎಂದರು. ಮಗು ಕಣ್ಣೀರು ಒರೆಸಿಕೊಂಡು ಬೆರಳಿನಿಂದ ಒತ್ತಿ ನೋಡಿತು.

“ಸೂಜಿ ಚುಚ್ಚಿದ್ರೆ ನೋವಾಗತ್ತಾ?”

“ಆಗ್ತದೆ. ಕೆಂಪಿರುವೆ ಕಚ್ಚಿದಂಗೆ. ನೋವಾಗಲ್ಲ ಅಂತ ಯಾರಾದ್ರೂ ಅಂದ್ರೆ ನಂಬಬ್ಯಾಡ.”

“ಎಷ್ಟೊತ್ತು?”

“ನೀನು ಹತ್ತು ಎಣಿಸೋಗಂಟ. ನೋಡು, ಅಳಬೋದು, ಕಿರುಚಬೋದು, ನಿಮ್ಮಮ್ಮನ್ನ ಬೈಬೋದು. ಕೈ ಮಾತ್ರ ಅಳ್ಳಾಡಿಸಂಗಿಲ್ಲ. ಬಾಯಿ ನಿಂದು, ಕೈ ನಂದು. ಸರೀನಾ?”

ಪಲ್ಲವಿ ತುಂಬ ಹೊತ್ತು ಯೋಚಿಸಿ ತಲೆಯಾಡಿಸಿದಳು. ಒಳಗೆ ಬಂದು ನನ್ನ ತೊಡೆಯ ಮೇಲೆ ಕೂತಳು. ಓಬಳಮ್ಮ ಲೋಟ ಹಿಡಿದು ಕೈ ಕಾಯಿಸಿಕೊಂಡರು, ಗ್ಲೌಸ್ ಹಾಕಿಕೊಂಡರು. “ಮೇಡಮ್ನೋರೇ, ನೀವು ಗ್ವಾಡೆ ಕಡೀಕೆ ತಿರುಗ್ರಿ. ಮಕ್ಳು ಸೂದೀಗಿಂತ ತಾಯಿ ಮಖ ನೋಡೇ ಹೆದರ್ಕಂತವೆ” ಎಂದರು. ಸೂಜಿ ಇಳಿದಾಗ ಪಲ್ಲವಿ ಕಟ್ಟಡ ಬಿರಿಯುವ ಹಾಗೆ ಚೀರಿದಳು. ಚೀರುತ್ತಲೇ ಎಣಿಸಿದಳು. ಕೈ ಮಾತ್ರ ಕದಲಲಿಲ್ಲ. ಏಳಕ್ಕೆಲ್ಲ ಮುಗಿಯಿತು. ಚುಚ್ಚಿದ ಜಾಗದ ಮೇಲೆ ಹತ್ತಿ ಇಟ್ಟು ಓಬಳಮ್ಮ ತಾವೇ ಬಹಳ ಹೊತ್ತು ಒತ್ತಿ ಹಿಡಿದರು. ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಅದನ್ನು ಅವರೂ ನೋಡಿದರು, ನಾನೂ ನೋಡಿದೆ.

ರಿಪೋರ್ಟಿಗೆ ಕಾದ ಆ ಒಂದು ಗಂಟೆಯನ್ನು ನಾನು ಹೇಗೆ ಕಳೆದೆನೋ ಗೊತ್ತಿಲ್ಲ. ಮಗು ನನ್ನ ಮಡಿಲಲ್ಲಿ ನಿದ್ದೆ ಹೋಗಿತ್ತು. ರಕ್ತದ ಕ್ಯಾನ್ಸರ್ ಎಂಬ ಮಾತು ತಲೆಯೊಳಗೆ ಒಂದೇ ಸಮನೆ ಸುತ್ತುತ್ತಿತ್ತು. ಹೆಸರು ಕೂಗುವ ಬದಲು ಓಬಳಮ್ಮನೇ ಚೀಟಿ ಹಿಡಿದು ನಡೆದು ಬಂದಾಗ ನಾನು ಮಗುವನ್ನು ಎತ್ತಿಕೊಂಡು ಎದ್ದು ನಿಂತೆ.

“ಏನೂ ಇಲ್ಲ ಅಲ್ವಾ ಅಮ್ಮಾ?”

“ಏನೂ ಇಲ್ಲ ಅನ್ನಕ್ಕಾಗಲ್ಲ. ಪ್ಲೇಟ್ಲೆಟ್ಟು ಶಾನೆ ಕಮ್ಮಿ ಅವೆ. ಎರಡು ಸಲ ನೋಡ್ದೆ. ಯಾಕೆ ಅಂತ ನಂಗೊತ್ತಿಲ್ಲ, ಡಾಕ್ಟ್ರು ಹೇಳ್ಬೇಕು. ಮಗು ಓಡಂಗಿಲ್ಲ, ಬೀಳಂಗಿಲ್ಲ. ಈಗ್ಲೇ ತುಮಕೂರಿಗೆ ಹೊಂಟುಬುಡಿ.”

ಸುಳ್ಳು ಸಮಾಧಾನಕ್ಕಾಗಿ ಹಂಬಲಿಸುತ್ತಿದ್ದ ನನಗೆ ಆ ಕ್ಷಣ ಅವರ ಮೇಲೆ ಸಿಟ್ಟೇ ಬಂತು.

ತುಮಕೂರಿನ ದೊಡ್ಡ ಆಸ್ಪತ್ರೆಯಲ್ಲಿ ಐದು ದಿನ ಇದ್ದೆವು. ನಾನು ಹೆದರಿದ್ದ ಕಾಯಿಲೆ ಅಲ್ಲ ಎಂದರು. ಜ್ವರದ ನಂತರ ಮೈಯೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡಿಕೊಳ್ಳುತ್ತಿದೆ, ಹೆಚ್ಚಿನ ಮಕ್ಕಳಲ್ಲಿ ಸರಿಹೋಗುತ್ತದೆ, ಆದರೆ ವಾರವಾರವೂ ಪರೀಕ್ಷೆ ಆಗಬೇಕು ಎಂದರು. ‘ಹೆಚ್ಚಿನ ಮಕ್ಕಳು’ ಎಂಬ ಮಾತಿನ ಹೊರಗೆ ಉಳಿಯುವ ಮಕ್ಕಳ ಬಗ್ಗೆಯೇ ನನಗೆ ಯೋಚನೆ. ಹೀಗೆ ಪ್ರತಿ ಸೋಮವಾರ ಓಬಳಮ್ಮನ ಮುಂದೆ ಕೂರುವುದು ನಮ್ಮ ಪಾಡಾಯಿತು.

ಒಂದು ಸೋಮವಾರ ನರ ಜಾರಿತು, ಟ್ಯೂಬಿಗೆ ರಕ್ತ ಬರಲಿಲ್ಲ. ಓಬಳಮ್ಮ ಸೂಜಿ ಹೊರತೆಗೆದು ಪಕ್ಕಕ್ಕಿಟ್ಟರು. “ತಪ್ಪು ನಂದು ಬಂಗಾರು. ಒಂದೇ ಸಲ ಅಂದಿದ್ದೆ, ಆಗ್ಲಿಲ್ಲ. ಇನ್ನೊಂದು ಸಲ ಚುಚ್ಚಬೇಕು. ಇವತ್ತು ಬ್ಯಾಡ ಅಂದ್ರೆ ನಾಳಿಕ್ ಬಾ.” ಅಷ್ಟು ದೊಡ್ಡವರು ಅಷ್ಟು ಚಿಕ್ಕವರಲ್ಲಿ ತಪ್ಪೊಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಲ್ಲವಿ ತುಟಿ ಕಚ್ಚಿಕೊಂಡು ಇನ್ನೊಂದು ಕೈ ಚಾಚಿದಳು. ಆ ದಿನ ಕೆಲಸ ಮುಗಿದ ಕೂಡಲೇ ಓಬಳಮ್ಮ ಎದ್ದು ಹಿಂದಿನ ವರಾಂಡಕ್ಕೆ ಹೋಗಿ ಗೋಡೆಗೆ ಒರಗಿ ನಿಂತರು. ಅವರ ಹಣೆಯ ಮೇಲೆ ಬೆವರಿತ್ತು. ವಯಸ್ಸಾಯಿತು, ಆಯಾಸ ಎಂದುಕೊಂಡೆ.

ಎಂಟನೆಯ ತಿಂಗಳಿಗೆ ಡಾಕ್ಟರು ಇನ್ನು ಪರೀಕ್ಷೆ ಬೇಡ ಎಂದರು. ಆ ಸಂತೋಷದಲ್ಲಿ ಓಬಳಮ್ಮನಿಗೆ ಒಂದು ಮಾತು ಹೇಳಿ ಬರಲೂ ನನಗೆ ತೋಚಲಿಲ್ಲ. ಮುಂದೊಮ್ಮೆ ಆ ಕಡೆ ಹೋದಾಗ ಅವರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ನಿವೃತ್ತಿಯಾಗಿ ಊರಿಗೆ ಹೋದರು ಎಂದರು.

ಹೋದ ಬೇಸಿಗೆಯಲ್ಲಿ ಪಾವಗಡದಲ್ಲಿ ಒಂದು ಮದುವೆಯಿತ್ತು. ಹಿಂದಿರುಗುವಾಗ ನಾನೂ ಪಲ್ಲವಿಯೂ ವಳ್ಳೂರಿನಲ್ಲಿ ಇಳಿದೆವು. ಅವಳಿಗಾಗ ಹತ್ತು ವರ್ಷ. ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು ಬಿಸಿಲಿಗೆ ಮೈಯೊಡ್ಡಿದ್ದವು. ಮನೆ ಕೇಳಿಕೊಂಡು ಹೋದರೆ ಬಾಗಿಲಿಗೆ ಬಂದವರು ಓಬಳಮ್ಮನ ತಂಗಿ.

“ಅಕ್ಕ ಲೇದಮ್ಮಾ,” ಎಂದರು. “ಹೋದ ಶ್ರಾವಣದಾಗೆ ಹೋಗ್ಬುಟ್ಲು. ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯ್ಲೇ ಇಲ್ಲ.”

“ಅವರಿಗೆ ಗೊತ್ತಾಗಲಿಲ್ವಾ? ಅದೇ ಕೆಲಸದಲ್ಲಿದ್ದವರು…”

“ಗೊತ್ತಿತ್ತಮ್ಮಾ. ರಕ್ತ ತೋರಿಸ್ಕೋ ಅಂದ್ರೆ ರೇಪು, ರೇಪು ಅನ್ನೋಳು. ಅಂಗೆ ನಾಳೆ ನಾಳೆ ಅಂತಾನೇ ದಿನ ತಳ್ಳಿದ್ಲು. ಅವ್ಳಿಗೆ ಸೂದಿ ಅಂದ್ರೆ ಪ್ರಾಣ ಹೋಗೋವಷ್ಟು ಭಯ. ಚಿಕ್ಕೋಳಿದ್ದಾಗ ನಾಕು ಜನ ಅದುಮ್ಕಂಡು ಚುಚ್ಚಿದ್ರಂತೆ, ಏನೂ ಹೇಳ್ದೆ. ಆವತ್ತಿಂದ ತನ್ನ ಕೈಗೆ ಯಾರನ್ನೂ ಚುಚ್ಚಕ್ಕೆ ಬುಡ್ಲಿಲ್ಲ.”

ಮಜ್ಜಿಗೆ ಕುಡಿದು ಹೊರಟೆವು. ಬಸ್ಸಿಗೆ ಕಾಯುತ್ತ ಪಲ್ಲವಿ ತನ್ನ ಮೊಣಕೈಯ ಒಳಮಗ್ಗುಲ ನರವನ್ನು ಬೆರಳಿನಿಂದ ಒತ್ತಿ ನೋಡಿಕೊಂಡಳು. ಆಮೇಲೆ ಕೇಳಿದಳು: “ಅಮ್ಮಾ, ಅವರ ಪಕ್ಕ ಯಾರೂ ಕೂತ್ಕೊಂಡು, ನೋವಾಗತ್ತೆ, ಹತ್ತು ಎಣಿಸು ಅಂತ ಹೇಳಲಿಲ್ವಾ?”

“ಇಲ್ಲ ಅನ್ಸತ್ತೆ ಕಣೇ,” ಎಂದೆ.

ದೂರದಲ್ಲಿ ಬಸ್ಸು ಕಂಡಿತು. ಅವಳು ಓಬಳಮ್ಮನ ಮನೆಯ ಕಡೆಗೇ ನೋಡುತ್ತಿದ್ದಳು, ಬಸ್ಸಿಗೆ ಕೈ ಅಡ್ಡ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ. ಆ ಬಸ್ಸು ನಮ್ಮನ್ನು ದಾಟಿ ಹೋಯಿತು.