ಬಡ್ತಿ ಬೇಡವೆಂದು ಬರೆದ ಕಾಗದ

ಸರ್ಕಾರಿ ಕಚೇರಿಯಲ್ಲಿ ಸಂಬಳ ವರ್ಷಕ್ಕೊಮ್ಮೆ ತಾನಾಗಿಯೇ ಏರುತ್ತದೆ. ಬಡ್ತಿ ಹಾಗಲ್ಲ, ಅದಕ್ಕೆ ಪಟ್ಟಿ, ಸರದಿ, ಖಾಲಿ ಜಾಗ ಎಲ್ಲ ಬೇಕು. ಇಷ್ಟೂ ತಿಳಿಯದೆ ಹಗರಿಬೊಮ್ಮನಹಳ್ಳಿಯಲ್ಲಿ ಆರು ವರ್ಷ ಗುಮಾಸ್ತಿಕೆ ಮಾಡಿದೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ತಿಳಿಯುವ ಅಗತ್ಯವೂ ಬಿದ್ದಿರಲಿಲ್ಲ. ಪಕ್ಕದ ಮೇಜಿನಲ್ಲಿ ಅಕ್ಕ ಇದ್ದಳು. ಒಡಹುಟ್ಟಿದವಳಲ್ಲ, ನನಗಿಂತ ಮೊದಲು ಕೆಲಸಕ್ಕೆ ಸೇರಿದವಳು. ಮೊದಲ ವಾರ ಮೇಡಂ ಅಂದೆ, ಬೈಸಿಕೊಂಡು ಅಕ್ಕ ಅಂದೆ. ಇಲಾಖಾ ಪರೀಕ್ಷೆಗೆ ನನ್ನ ಅರ್ಜಿ ತುಂಬಿದ್ದು, ಬೈದು ಬೈದು ಓದಿಸಿದ್ದು ಎಲ್ಲ ಅವಳೇ. ಮಧ್ಯಾಹ್ನ ಅವಳ ರೊಟ್ಟಿ, ನನ್ನ ಶೇಂಗಾ ಚಟ್ನಿ. ಸಾಹೇಬರು ನನ್ನ ಮೇಲೆ ಹರಿಹಾಯ್ದ ದಿನ ಮಂಡಕ್ಕಿ ಮಿರ್ಚಿ ತರಿಸುತ್ತಿದ್ದಳು. "ತಿನ್ನು, ಸಿಟ್ಟು ಇಳೀತೈತಿ." ನನ್ನ ಸಿಟ್ಟು ಮಿರ್ಚಿಗೆ ಇಳಿಯುವಂಥದಲ್ಲ, ಅವಳು ಹೇಳಿದಳೆಂದು ಇಳಿಯುತ್ತಿತ್ತು.

ಒಂದು ದಿನ ಬಡ್ತಿಯ ಸರದಿ ಅವಳಿಗೆ ಬಂತು. ಖಾಲಿ ಇದ್ದದ್ದು ಒಂದೇ ಹುದ್ದೆ, ಅದೂ ಹರಪನಹಳ್ಳಿಯಲ್ಲಿ. ಇನ್ನು ಅವಳು ಹೋಗಿಬಿಡುತ್ತಾಳೆ ಅಂದುಕೊಂಡೆ. ಆದರೆ ಅವಳ ಮಗಳು ಹತ್ತನೇ ಕ್ಲಾಸು, ಗಂಡ ದೂರದ ರೂಟಿನ ಬಸ್ ಕಂಡಕ್ಟರ್. "ನಾ ಒಲ್ಲೆವ್ವಾ. ಬ್ಯಾಡ ಅಂತ ಬರ್ದು ಕೊಡ್ತೀನಿ," ಅಂದಳು. ಇಂಥ ಕಾಗದವನ್ನು ನಮ್ಮಲ್ಲಿ ಯಾರೂ ಸ್ವಂತ ಕೈಯಲ್ಲಿ ಬರೆಯುತ್ತಿರಲಿಲ್ಲ. ಅಕ್ಷರ ಚಂದ ಇದ್ದವರಿಂದ ಬರೆಸಿ ಸಹಿ ಹಾಕುವುದೇ ರೂಢಿ. ಕಚೇರಿಯಲ್ಲಿ ಚಂದ ಅಕ್ಷರ ನನ್ನದು.

ಕುಣಿದಾಡಿಕೊಂಡು ಬರೆದೆ. 'ಕೌಟುಂಬಿಕ ಕಾರಣಗಳಿಂದ ಈ ಮುಂಬಡ್ತಿಯನ್ನು ಸ್ವಇಚ್ಛೆಯಿಂದ ನಿರಾಕರಿಸುತ್ತೇನೆ.' ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತ ಸಹಿ ಹಾಕಿದಳು. ಅವಳು ಇಲ್ಲೇ ಉಳಿದಳಲ್ಲ ಎಂದು ಅವತ್ತು ಮಿರ್ಚಿ ನಾನೇ ತರಿಸಿದೆ.

ಸ್ವಲ್ಪ ದಿನಕ್ಕೆ ಆದೇಶ ಬಂತು, ನನ್ನ ಹೆಸರಿಗೆ! ಜ್ಯೇಷ್ಠತಾ ಪಟ್ಟಿಯಲ್ಲಿ ಒಬ್ಬರು ಬೇಡವೆಂದರೆ ಹುದ್ದೆ ಕೆಳಗಿನ ಹೆಸರಿಗೆ ಹೋಗುತ್ತದೆ. ಅವಳ ಕೆಳಗಿನ ಹೆಸರು ನನ್ನದು. ಗೋಡೆಗೆ ಅಂಟಿಸಿದ್ದ ಆ ಪಟ್ಟಿಯ ಎದುರೇ ಕೂತು ನಾವು ದಿನಾ ರೊಟ್ಟಿ ತಿಂದದ್ದು. ನಾನೂ ಬೇಡವೆಂದು ಬರೆಯಬಹುದಿತ್ತು. ಅಷ್ಟರಲ್ಲಿ ಅಕ್ಕ ಪೇಢೆ ತಂದು ಇಡೀ ಕಚೇರಿಗೆ ಹಂಚುತ್ತಿದ್ದಳು. "ನಮ್ಮ ಹುಡುಗಿ ಮ್ಯಾಲ ಬಂದ್ಲು ನೋಡ್ರಿ!" ನನ್ನನ್ನು ಸಾಗಹಾಕಲು ಇಷ್ಟು ಖುಷಿಯೇ ಎಂದು ಸಿಟ್ಟು ನೆತ್ತಿಗೇರಿತು. ಪೇಢೆ ಮುಟ್ಟಲಿಲ್ಲ. ಹೋಗಿ ಬರ್ತೀನಿ ಅಂತಲೂ ಸರಿಯಾಗಿ ಹೇಳದೆ ಬಸ್ ಹತ್ತಿದೆ.

ಹರಪನಹಳ್ಳಿಗೆ ಬಂದು ಏಳು ವರ್ಷ. ಸಂಬಳ ಏರುತ್ತಲೇ ಇದೆ, ಎಲ್ಲರೂ ಮೇಡಂ ಅನ್ನುತ್ತಾರೆ. ಹಬ್ಬಕ್ಕೆ ಅಕ್ಕ ಫೋನ್ ಮಾಡುತ್ತಾಳೆ, ಚೆನ್ನಾಗಿದ್ದೀನಿ ಎಂದು ಇಟ್ಟುಬಿಡುತ್ತೇನೆ. ಡಬ್ಬಿ ತೆರೆದಾಗ ಕೈ ಈಗಲೂ ಚಟ್ನಿಯನ್ನು ಪಕ್ಕಕ್ಕೆ ಸರಿಸುತ್ತದೆ. ಪಕ್ಕದ ಕುರ್ಚಿಯ ಮೇಲೆ ಫೈಲುಗಳಿವೆ. ನನಗೆ ಅವಳು ಬೇಕು, ಇದರಲ್ಲಿ ಮುಚ್ಚುಮರೆ ಏನು?

ಮೊನ್ನೆ ಅಕ್ಕ ತನ್ನ ಮಗಳ ಲಗ್ನಪತ್ರಿಕೆ ಹಿಡಿದು ನನ್ನ ಕಚೇರಿಗೆ ಬಂದಳು. ಎದುರಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ನಕ್ಕಳು. "ಲೇ, ಅವತ್ತು ಆ ಕಾಗದ ಬರಿಯಾಗ ಏನು ಖುಷಿ ನಿನಗ! ಪಟ್ಟ್ಯಾಗ ನನ್ನ ಕೆಳಗ ತನ್ನ ಹೆಸರೈತಿ ಅಂತ ಕುಣಿಯಾಕತ್ಯಾಳ, ಹೋಗಾಕ ಅಷ್ಟು ಆಸಿ ಇದ್ರ ಹೋಗ್ಲಿ ಅಂದ್ಕಂಡೆ. ಪೇಢೆ ಹಂಚಿ ಮನಿಗೆ ಹೋಗಿ ಅತ್ತೆ."

"ಪಟ್ಟಿ ನಾ ನೋಡಿರ್ಲೇ ಇಲ್ಲಕ್ಕ," ಎಂದೆ. "ನೀ ಹೋಗಾಂಗಿಲ್ಲ ಅಂತ ಖುಷಿ ಆಗಿತ್ತು."

ಅಕ್ಕ ಲೋಟ ಕೆಳಗಿಟ್ಟಳು. "ಅವತ್ತೇ ಹೇಳಾಕ ನಿನಗೇನು ಧಾಡಿಯಾಗಿತ್ತಲೇ?" ಅಂದಳು. ಎದ್ದು ಬಂದು, ಪಕ್ಕದ ಕುರ್ಚಿಯ ಫೈಲುಗಳನ್ನು ಎತ್ತಿ ನೆಲಕ್ಕಿಟ್ಟು, ನನ್ನ ಮಗ್ಗುಲಲ್ಲಿ ಕೂತಳು. ಅವಳ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.