ಬಾಲಿಗಂಜಿನಲ್ಲಿ ಕಂಡ ನನ್ನ ಪಾಠ

ಬೆಂಗಳೂರಿನಿಂದ ಹೊರಟ ರೈಲು ಹೌರಾ ತಲುಪಿದಾಗ ಮೂರು ಗಂಟೆ ತಡವಾಗಿತ್ತೆಂದು ನನ್ನ ನೆನಪು. ಟಿಪ್ಪಣಿ ಪುಸ್ತಕದಲ್ಲಿ ಎರಡು ಎಂದಿದೆ, ಅದನ್ನೇ ನಂಬುತ್ತೇನೆ. ಸುಮಾರು ಎರಡು ಸಾವಿರ ಕಿಲೋಮೀಟರಿನ ಆ ಪ್ರಯಾಣ ಮುಗಿದ ಮೇಲೆ ಹಳದಿ ಟ್ಯಾಕ್ಸಿಯಲ್ಲಿ ನಗರದ ದಕ್ಷಿಣದಂಚಿನ ಜೋಕಾಕ್ಕೆ ಇನ್ನೂ ಒಂದೂವರೆ ಗಂಟೆ. ಮೇ ತಿಂಗಳ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು.

ಜೋಕಾದಲ್ಲಿ ದೂರಶಿಕ್ಷಣದ ಬಗ್ಗೆ ಎರಡು ದಿನಗಳ ವಿಚಾರ ಸಂಕಿರಣ. ಐಟಿಯ ಹುರುಪಿನ ದಿನಗಳು. ವೇದಿಕೆ ಹತ್ತಿದವರೆಲ್ಲ ಇಂಟರ್‌ನೆಟ್ ಮೂಲಕ ಮನೆಮನೆಗೆ ಪದವಿ ತಲುಪಿಸುವ ಮಾತಾಡಿದರು. ಕೆಲವು ವರ್ಷಗಳ ಹಿಂದೆ ಒಂದು ಮುಕ್ತ ವಿಶ್ವವಿದ್ಯಾಲಯಕ್ಕೆ ಸಂಖ್ಯಾಶಾಸ್ತ್ರದ ಪಾಠವೊಂದನ್ನು ಬರೆದುಕೊಟ್ಟಿದ್ದ ನಾನೂ, ಕಲಿಕೆಗೆ ವಯಸ್ಸಿನ ಮಿತಿಯಿಲ್ಲ ಎಂದು ಇಪ್ಪತ್ತು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ.

ಎರಡನೆಯ ದಿನ ಮಧ್ಯಾಹ್ನ ಊಟ ಬಡಿಸುತ್ತಿದ್ದ ಕೇಟರಿಂಗಿನವರು ನನ್ನ ಎದೆಯ ಮೇಲಿನ ಹೆಸರುಚೀಟಿ ಓದಿ, ಸೌಟು ಹಿಡಿದಂತೆಯೇ ನಿಂತುಬಿಟ್ಟರು. ಉಡುಪಿ ಕಡೆಯ ಪದ್ಮನಾಭ ರಾಯರು. ನಗರದೊಳಗೆ ಬಾಲಿಗಂಜಿನಲ್ಲಿ ಸಣ್ಣ ಹೋಟೆಲು.

"ನೀವೇಯಾ ಮಾರಾಯ್ರೆ ಅದು? ನಮ್ಮವಳ ಪುಸ್ತಕದಲ್ಲಿ ನಿಮ್ಮ ಹೆಸರುಂಟು! ಡಿಗ್ರಿಗೆ ಆ ಒಂದೇ ಪೇಪರು ಬಾಕಿ. ಎರಡು ಸಲ ನಾಲ್ಕೈದು ಮಾರ್ಕಿಗೆ ಹೋಯ್ತು. ಮುಂದಿನ ತಿಂಗಳು ಮಂಗಳೂರಲ್ಲಿ ಪರೀಕ್ಷೆ, ಅದೇ ಕೊನೇ ಅವಕಾಶ. ನಂಗೆ ತಲೆ ಇಲ್ಲ, ನಾನಿನ್ನು ಹೋಗುದಿಲ್ಲ ಅಂತ ಕೂತಿದ್ದಾಳೆ. ನೀವೊಂದು ಮಾತು ಹೇಳಿದ್ರೆ ಕೇಳಿಯಾಳು."

ಸಂಜೆ ಖಾಲಿ ಪಾತ್ರೆಗಳು ಗಲಗುಟ್ಟುವ ಅವರ ವ್ಯಾನಿನಲ್ಲಿ ಬಾಲಿಗಂಜಿಗೆ ಹೋದೆ. ಧೈರ್ಯ ಹೇಳುವ ನಾಲ್ಕು ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ.

ಅವರ ಹೆಂಡತಿ ಸುಗುಣಮ್ಮನಿಗೆ ಐವತ್ತೆರಡು ವಯಸ್ಸು. ಹೋಟೆಲಿನ ಹಿಟ್ಟು ರುಬ್ಬಿಸಿ ಮುಗಿಸಿದ ಮೇಲೆ ದಿನಕ್ಕೊಂದು ಗಂಟೆ ಓದು. ಅಂಚೆಯಲ್ಲಿ ಬಂದ ಪುಸ್ತಕಗಳೇ ಮೇಷ್ಟ್ರು. ಗೋಳಿಬಜೆ, ಮಣ್ಣಿನ ಕುಡಿಕೆಯಲ್ಲಿ ಸಿಹಿ ಮೊಸರು ಇಟ್ಟು, "ನಿಮ್ಮ ಪಾಠ ನಂಗೆ ಬಾಯಿಪಾಠ ಸರ್" ಎಂದು ನೋಟುಬುಕ್ಕು ತೆರೆದರು.

ಮಧ್ಯಾಂಕದ ಲೆಕ್ಕ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನದನ್ನು ಆರಿಸಬೇಕು, ಅಷ್ಟೆ. ಪಾಠದಲ್ಲಿ ನಾನು ಕೊಟ್ಟಿದ್ದ ಸಂಖ್ಯೆಗಳು 12, 30, 18, 25, 21. ಅವರು ಸರಿಯಾಗಿ ಜೋಡಿಸಿ 21 ಎಂದು ಬರೆದಿದ್ದರು. ಆಮೇಲೆ ಅದನ್ನು ಹೊಡೆದುಹಾಕಿ 18 ಎಂದು ಬರೆದಿದ್ದರು.

"ಇದನ್ನೇಕೆ ಹೊಡೆದಿರಿ?"

"ಪುಸ್ತಕದ ಹಿಂದೆ ಉತ್ತರ ಹದಿನೆಂಟು ಅಂತ ಉಂಟಲ್ಲ ಸರ್. ಮೂರು ದಿನ ಕೂತು ಕಂಡುಹಿಡಿದೆ. ಪ್ರಶ್ನೆಯಲ್ಲಿ ಜೋಡಿಸಿ ಅಂತ ಹೇಳದಿದ್ರೆ ಜೋಡಿಸ್ಲಿಕ್ಕಿಲ್ಲ, ಇದ್ದ ಹಾಗೇ ನಡುವಿನದ್ದು ತಗೊಳ್ಳುದು. ಹೌದಲ್ವಾ?"

ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗಿಟ್ಟು ಪುಸ್ತಕದ ಕೊನೆಯ ಪುಟ ತೆರೆದೆ; ಹದಿನೆಂಟೇ ಇತ್ತು. ನನ್ನ ತಪ್ಪಿಗೆ ಹೊಂದುವಂಥ ನಿಯಮವನ್ನೇ ಈ ಹೆಂಗಸು ಕಷ್ಟಪಟ್ಟು ಕಟ್ಟಿದ್ದರು. ಅವರು ಫೇಲಾದ ಎರಡೂ ಪ್ರಶ್ನೆಪತ್ರಿಕೆಗಳು ನೋಟುಬುಕ್ಕಿನೊಳಗೇ ಇದ್ದವು; ಎರಡರಲ್ಲೂ ಹತ್ತು ಅಂಕದ ಲೆಕ್ಕ ಮಧ್ಯಾಂಕದ್ದೇ. ಅಚ್ಚಿನ ಕರಡಿನಲ್ಲಿ ಆ 18 ಅನ್ನು ನಾನೇ 21 ಎಂದು ತಿದ್ದಿದ್ದು ನೆನಪಿದೆ, ಕೆಂಪು ಪೆನ್ನಿನ ಸಮೇತ. ಅದು ನಡೆದದ್ದೋ, ತಪ್ಪನ್ನು ಅಚ್ಚಿನವರ ಮೇಲೆ ಹಾಕಲು ಆ ಗಳಿಗೆಯಲ್ಲಿ ಹುಟ್ಟಿಕೊಂಡದ್ದೋ, ಇವತ್ತಿಗೂ ಹೇಳಲಾರೆ.

"ಪುಸ್ತಕದಲ್ಲಿರುವುದು ತಪ್ಪು. ತಪ್ಪು ನನ್ನದು. ನೀವು ಮೊದಲು ಬರೆದದ್ದೇ ಸರಿ" ಎಂದೆ.

ರಾಯರು ಹೆಂಡತಿಯ ಮುಖ ನೋಡಿದರು. ಕಾಲೇಜಿಗೆ ಹೋಗುವ ಮಗಳು ಒಳಗಿನಿಂದ ಓಡಿಬಂದಳು. "ಅಮ್ಮಾ, ಮೈ ಬೋಲಿ ಥೀ ನಾ, ಟ್ವೆಂಟಿ ಒನ್!"

"ನೀನು ಹೇಳಿದ್ದಿ. ನಾನೆಲ್ಲಿ ನಂಬಿದೆ? ಇವರ ಹೆಸರು ಅಚ್ಚಾಗಿತ್ತಲ್ಲ!" ಎಂದರು ಸುಗುಣಮ್ಮ. 18 ಅನ್ನು ಹೊಡೆದುಹಾಕಿ ಮತ್ತೆ 21 ಎಂದು ಬರೆದು, "ಈ ಪುಸ್ತಕ ಎಷ್ಟು ಜನಕ್ಕೆ ಹೋಗ್ತದೆ ಸರ್?" ಎಂದರು.

ನನಗೆ ತಿಳಿದಿರಲಿಲ್ಲ. ಬರೆದುಕೊಟ್ಟ ಮೇಲೆ ಆ ಪ್ರಶ್ನೆಯನ್ನು ನಾನು ಯಾರಲ್ಲೂ ಕೇಳಿರಲೇ ಇಲ್ಲ. ಜೋಡಿಸಿಕೊಂಡು ಹೋದ ನಾಲ್ಕು ಮಾತುಗಳಲ್ಲಿ ಒಂದನ್ನೂ ಹೇಳದೆ ಎದ್ದೆ.

ಮರುದಿನ ಹೌರಾದಲ್ಲಿ ರಾಯರು ಮೊಸರನ್ನದ ಪೊಟ್ಟಣ ಹಿಡಿದು ಬಂದರು.

"ಹೋಗ್ತಾಳಂತೆ ಸರ್! ಮಂಗಳೂರಿಗೆ ಟಿಕೆಟ್ ಮಾಡಿ ಅಂದ್ಳು. ನಿಮ್ಮ ಪುಸ್ತಕ ಮಾತ್ರ ಕೊಂಡುಹೋಗುದಿಲ್ಲವಂತೆ. ನನ್ನ ನೋಟ್ಸೇ ಸಾಕು ಅಂತಾಳೆ" ಎಂದು ನಕ್ಕರು.

ನಾನೂ ನಗಲು ನೋಡಿದೆ. ರೈಲು ಹೊರಟು ಅವರು ಕಣ್ಮರೆಯಾಗುವ ಮೊದಲೇ ಆ ಉತ್ತರ ತಿದ್ದುವಂತೆ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಲು ಕುಳಿತೆ. ಊರು ಮುಟ್ಟುವಷ್ಟರಲ್ಲಿ ನನ್ನ ತಪ್ಪು ನನಗೆ ಸಣ್ಣದಾಗಿ ನೆನಪಾದೀತು ಎಂಬ ಹೆದರಿಕೆಯಿತ್ತು.